ಎರಡು ತಿರುವಿನ ಮೈದಾನ

ಕಳೆದ ವಾರ ಸಾಗರದ ನಮ್ಮ ಶಾಲೆಯ ಮೈದಾನದಲ್ಲಿ ಟ್ರ್ಯಾಕ್ ಹಾಕಲೆಂದು ಸುಣ್ಣದ ಪುಡಿಯ ಚೀಲ ಬಿಚ್ಚಿದೆ. ಮಳೆ ಆಗಷ್ಟೇ ನಿಂತು ಹೊಳವಾಗಿತ್ತು. ಹಸಿ ನೆಲದ ಮೇಲೆ ಸುಣ್ಣ ಬಿದ್ದಾಗ ಏಳುವ ಆ ಖಾರದ ವಾಸನೆ ಮೂಗಿಗೆ ತಾಗಿದ್ದೇ ತಡ, ಕೆಲಸ ಬಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟೆ. ಹತ್ತು ವರ್ಷದ ಹಿಂದೆ, ದೈಹಿಕ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದ ಮೊದಲ ಮಳೆಗಾಲ ಕಣ್ಣೆದುರು ಬಂತು. ಆ ವರ್ಷ ನಾನು ಮಾಡಿದ ಒಂದು ತಪ್ಪು, ಅದನ್ನು ತೋರಿಸಿಕೊಟ್ಟ ಒಬ್ಬ ಮನುಷ್ಯ, ಇಬ್ಬರು ಹುಡುಗಿಯರು. ಇಷ್ಟು ವರ್ಷಗಳಲ್ಲಿ ಇದನ್ನು ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ.

ನಾನು ಹಿರೇಕೆರೂರು ಕಡೆಯವಳು. ನಮ್ಮಲ್ಲಿ ಮೈದಾನ ಎಂದರೆ ಕಣ್ಣು ಹಾಯುವಷ್ಟು ದೂರ ಸಮತಟ್ಟಾದ ನೆಲ. ಮೊದಲ ಪೋಸ್ಟಿಂಗ್ ಸಿಕ್ಕಿದ್ದು ಅರಳಸುರಳಿಯ ಹತ್ತಿರದ ಒಂದು ಹೈಸ್ಕೂಲಿಗೆ. ಅಲ್ಲಿನ ಮೈದಾನ ನೋಡಿ ನನಗೆ ಅಳು ಬರುವುದೊಂದು ಬಾಕಿ. ಗುಡ್ಡವನ್ನು ಅರ್ಧಕ್ಕೆ ಕಡಿದು ಮಾಡಿದ ಜಾಗ. ಒಂದು ಕಡೆ ಮಣ್ಣಿನ ಗೋಡೆಯಂತೆ ನಿಂತ ಆಳೆತ್ತರದ ಧರೆ, ಇನ್ನೊಂದು ಕಡೆ ಕೆಳಗೆ ಗದ್ದೆಗೆ ಇಳಿಯುವ ಇಳಿಜಾರು. ದೊಡ್ಡ ಊರಿನ ಟ್ರ್ಯಾಕು ಸುತ್ತಿಗೆ ನಾನೂರು ಮೀಟರ್ ಇರುತ್ತದೆ. ಇಲ್ಲಿ ಎಷ್ಟು ಎಳೆದಾಡಿದರೂ ಇನ್ನೂರು ಮೀಟರಿನ ಸುತ್ತು ಮಾತ್ರ ಹಿಡಿಸುತ್ತಿತ್ತು. ಸಾಲದ್ದಕ್ಕೆ ಮೊಣಕಾಲುದ್ದ ಹುಲ್ಲು. ಅಂಥದ್ದರಲ್ಲಿ ಆ ಸಲದ ವಲಯ ಮಟ್ಟದ ಕ್ರೀಡಾಕೂಟ ನಮ್ಮ ಶಾಲೆಯಲ್ಲೇ ಎಂದು ತೀರ್ಮಾನವಾಗಿತ್ತು.

ಹುಲ್ಲು ಹೊಡೆಯಲು ಹೆಡ್‌ಮಾಸ್ಟರು ಚೌಡಪ್ಪನವರನ್ನು ಕರೆಸಿದರು. ಐವತ್ತರ ಆಸುಪಾಸಿನ ಆಳು, ತೆಳ್ಳಗೆ, ಸ್ವಲ್ಪ ಕುಳ್ಳು. ಪೆಟ್ರೋಲಿನ ಕಳೆ ಹೊಡೆಯುವ ಮಷಿನ್ನನ್ನು ಹೆಗಲಿಗೆ ಹಾಕಿಕೊಂಡು ಸುತ್ತಲ ಊರುಗಳ ತೋಟಗಳಿಗೆ ಹೋಗುವುದು ಅವರ ಕೆಲಸ. ಎರಡು ದಿನ ಹುಲ್ಲು ಹೊಡೆದರು. ಎರಡನೇ ದಿನ ಸಂಜೆ ಮಷಿನ್ ಇಳಿಸಿ, ಧರೆಯ ಪಕ್ಕದ ತಿರುವಿನಲ್ಲಿ ನಿಂತು ಅತ್ತಿತ್ತ ನೋಡಿ ನನ್ನನ್ನು ಕೇಳಿದರು.

“ಮೇಡಂ, ಮಕ್ಳು ಈ ಸುತ್ತಲ್ಲೇ ಓಡೋದಾ? ತಿರುವು ಭಾಳ ಬಿಗಿ ಉಂಟಲ್ಲ.”

“ಜಾಗ ಇಷ್ಟೇ ಇರೋದು, ಏನ್ ಮಾಡೋದು” ಎಂದೆ.

“ಹೊರಗಡೆ ಓಡೋರಿಗೆ ಕಷ್ಟ ಆಗ್ತದೆ. ನಾನು ಕುದ್ರೇಲಿ ನೋಡಿದೀನಿ.”

ಕುದುರೆ ಎಂಬ ಮಾತು ಆ ಊರಲ್ಲಿ ಕೇಳಿ ನನಗೆ ಆಶ್ಚರ್ಯವಾಯಿತು. ಅವರು ಮೈಸೂರಿನ ರೇಸ್ ಕೋರ್ಸಿನಲ್ಲಿ ಹದಿನಾರು ವರ್ಷ ಇದ್ದರಂತೆ, ಬೇಸಿಗೆ ಬಂದರೆ ಕುದುರೆಗಳ ಜೊತೆ ಊಟಿಗೆ ಹೋಗುತ್ತಿದ್ದರಂತೆ. ಓಟ ಶುರುವಾಗುವ ಕಡೆ ಸಾಲಾಗಿ ಗೇಟುಗಳಿರುತ್ತವೆ. ಒಂದೊಂದು ಕುದುರೆಯನ್ನೂ ಹಿಡಿದು, ಮೈ ಸವರಿ, ಹಿಂದಿನಿಂದ ನೂಕಿ ಅದರ ಗೇಟಿನೊಳಗೆ ನಿಲ್ಲಿಸುವುದು ಅವರ ಕೆಲಸವಾಗಿತ್ತು.

“ಯಾವ ಕುದ್ರೆಗೆ ಯಾವ ಗೇಟು ಅಂತ ಮೊದ್ಲೇ ಚೀಟಿ ಎತ್ತಿರ್ತಾರೆ” ಎಂದು ಹೇಳಿದರು. “ಮುಂದೆ ಉದ್ದಕ್ಕೆ ನೇರ ದಾರಿ ಇದ್ರೆ ಯಾವ ಗೇಟಾದ್ರೂ ಅಡ್ಡಿಲ್ಲ. ಹೊರಗಿಂದು ನಿಧಾನಕ್ಕೆ ಒಳಗೆ ಸರ್ಕೊಳ್ತದೆ. ಆದ್ರೆ ಹೊರಟ ಕೂಡ್ಲೇ ತಿರುವು ಬಂತು ಅಂತ ಇಟ್ಕೊಳಿ, ಒಳಗಿನ ಕುದ್ರೆ ಬೇಲಿ ಹಿಡಿದು ಹೋಗ್ಬಿಡ್ತದೆ. ಹೊರಗಿಂದು ಅಗಲಕ್ಕೆ ಸುತ್ತಿ ಬರ್ಬೇಕು. ಎಷ್ಟ್ ದೂರ ಜಾಸ್ತಿ ಓಡ್ತು ಅಂತ ಯಾರೂ ಲೆಕ್ಕ ಇಡಲ್ಲ.”

“ನಮ್ಮಲ್ಲಿ ಹಾಗಲ್ಲ” ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. “ಪ್ರತಿಯೊಬ್ಬರಿಗೂ ಅವರದೇ ಲೇನ್ ಇರುತ್ತೆ. ಒಳಗಿನ ಲೇನ್‌ನವರು ಗೆರೆಯ ಮೇಲೆ ನಿಂತರೆ, ಹೊರಗಿನವರನ್ನು ಅಳತೆ ಮಾಡಿ ಅಷ್ಟಷ್ಟು ಮುಂದೆ ನಿಲ್ಲಿಸ್ತೀವಿ. ಕೊನೆಗೆ ಎಲ್ಲರೂ ಓಡೋದು ಒಂದೇ ದೂರ.”

ಚೌಡಪ್ಪನವರು ಅದನ್ನು ಎರಡು ಸಲ ಕೇಳಿ ತಿಳಿದುಕೊಂಡರು. “ಇದು ನ್ಯಾಯ” ಎಂದರು. “ಕುದ್ರೆಗೆ ಯಾರೂ ಹಿಂಗೆ ಮಾಡ್ಲಿಲ್ಲ.”

ಆ ಶಾಲೆಯಲ್ಲಿ ನನಗೆ ಮೊದಲ ವಾರದಲ್ಲೇ ಕಣ್ಣಿಗೆ ಬಿದ್ದವಳು ಒಂಬತ್ತನೇ ಕ್ಲಾಸಿನ ಸಹನಾ. ಖೋಖೋ ಆಡುವಾಗ ಅವಳು ಕಂಬ ಸುತ್ತುವ ರೀತಿ ನೋಡಿ ಇವಳನ್ನು ಓಡಿಸಬೇಕು ಅಂದುಕೊಂಡೆ. ಮಳೆ ಬಿಟ್ಟ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಪ್ರಾಕ್ಟೀಸ್. ಮಳೆ ಬಿಡದಿದ್ದರೆ ಶಾಲೆಯ ಉದ್ದನೆಯ ಜಗುಲಿಯಲ್ಲೇ ಮೊಣಕಾಲೆತ್ತಿ ಓಡುವುದು. ಅವಳ ಅಮ್ಮ ದಿನಾ ಸಂಜೆ ಸ್ಕೂಟಿಯಲ್ಲಿ ಕರೆದೊಯ್ಯಲು ಬರುತ್ತಿದ್ದರು. ರೇನ್‌ಕೋಟಿನ ಟೋಪಿಯೊಳಗಿಂದಲೇ “ಎಂತ ಮೇಡಂ, ಇವತ್ತಾದ್ರೂ ಸರಿ ಓಡಿದ್ಲಾ?” ಎಂದು ಕೇಳುತ್ತಿದ್ದರು. ಇನ್ನೂರು ಮೀಟರಿನಲ್ಲಿ ಮೊದಲು ಬಂದರೆ ತೀರ್ಥಹಳ್ಳಿಯಲ್ಲಿ ನಡೆಯುವ ತಾಲ್ಲೂಕು ಕೂಟಕ್ಕೆ ಹೋಗಬಹುದು. ಆ ಶಾಲೆಯಿಂದ ಓಟದಲ್ಲಿ ಅಲ್ಲಿಯವರೆಗೆ ಯಾವ ಹುಡುಗಿಯೂ ಹೋಗಿರಲಿಲ್ಲ.

ಕೂಟದ ಹಿಂದಿನ ದಿನ ಕೊಡೆ ಹಿಡಿದುಕೊಂಡೇ ಗೆರೆ ಹಾಕಿದೆ. ಮೂರು ಸಲ ಮಳೆ ಬಂದು ಮೂರು ಸಲ ಸುಣ್ಣ ತೊಳೆದುಕೊಂಡು ಹೋಯಿತು. ಕೊನೆಗೆ ಬೆಳಿಗ್ಗೆ ಆರು ಗಂಟೆಗೆ ಮತ್ತೆ ಇಳಿದು, ಕಾಲೇಜಿನಲ್ಲಿ ಬರೆದುಕೊಂಡಿದ್ದ ಡೈರಿ ತೆರೆದು, ಇನ್ನೂರು ಮೀಟರ್ ಓಟಕ್ಕೆ ಯಾವ ಲೇನಿನವರು ಎಷ್ಟು ಮುಂದೆ ನಿಲ್ಲಬೇಕು ಎಂಬ ಪಟ್ಟಿ ನೋಡಿ ಗುರುತು ಮಾಡಿ ಮುಗಿಸಿದೆ. ನನ್ನ ಮೊದಲ ಟ್ರ್ಯಾಕು. ದೂರದಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು.

ಬಾಲಕಿಯರ ಇನ್ನೂರು ಮೀಟರಿಗೆ ಆರು ಶಾಲೆಯ ಆರು ಹುಡುಗಿಯರು. ಚೀಟಿ ಎತ್ತಿದಾಗ ಸಹನಾಗೆ ಒಂದನೇ ಲೇನ್ ಬಂತು. ಅತಿ ಹೊರಗಿನ ಆರನೇ ಲೇನ್ ಬಂದದ್ದು ಕೋಣಂದೂರು ಕಡೆಯ ಶಾಲೆಯ ನಾಗವೇಣಿ ಎಂಬ ಹುಡುಗಿಗೆ. ಉದ್ದ ಕಾಲು, ಬಿಗಿಯಾಗಿ ಮಡಚಿ ಕಟ್ಟಿದ ಎರಡು ಜಡೆ, ಬರಿಗಾಲು. ಅವರ ಶಾಲೆಯಲ್ಲಿ ದೈಹಿಕ ಶಿಕ್ಷಕರೇ ಇರಲಿಲ್ಲ. ಗಾಯತ್ರಿ ಎಂಬ ಹಿಂದಿ ಮೇಡಂ ಮಕ್ಕಳನ್ನು ಕರೆದುಕೊಂಡು ಬಂದಿದ್ದರು.

ಕ್ಲ್ಯಾಪರ್ ಹೊಡೆದದ್ದೇ ಆರೂ ಜನ ಹೊರಟರು. ಮೊದಲ ತಿರುವು ದಾಟಿ ಆಚೆ ಬದಿಯ ನೇರ ದಾರಿಗೆ ಬಂದಾಗ ನಾಗವೇಣಿ ಎಲ್ಲರಿಗಿಂತ ಬಹಳ ಮುಂದಿದ್ದಳು. ಸಹನಾಗೆ ಇನ್ನು ಆಸೆಯಿಲ್ಲ ಅಂದುಕೊಂಡೆ. ಆದರೆ ಎರಡನೇ ತಿರುವಿನಲ್ಲಿ ಏನಾಯಿತೋ, ಒಳಗಿನಿಂದ ಸಹನಾ ಹತ್ತಿರ ಹತ್ತಿರ ಬಂದಳು, ಸಮಕ್ಕೆ ಬಂದಳು, ಕೊನೆಯಲ್ಲಿ ಒಂದು ಹೆಜ್ಜೆ ಮುಂದಾಗಿ ಹಗ್ಗಕ್ಕೆ ಎದೆ ಕೊಟ್ಟಳು. ನಮ್ಮ ಶಾಲೆಯ ಮಕ್ಕಳು ಕೊಡೆ ಬಿಸಾಕಿ ಕುಣಿದರು. ನಾನೂ ಅವಳನ್ನು ಅಪ್ಪಿಕೊಂಡೆ.

ನಾಗವೇಣಿ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತಿದ್ದಳು. ಪಕ್ಕದಲ್ಲಿ ಹೋಗುವಾಗ ಅವಳು ತನ್ನ ಮೇಡಂಗೆ ಹೇಳಿದ್ದು ಕಿವಿಗೆ ಬಿತ್ತು. “ಮೇಡಂ, ನಂಗೆ ಇನ್ನೂರು ಮೀಟರಿಗೆ ಯಾವತ್ತೂ ಇಷ್ಟು ಸುಸ್ತು ಆಗಿರ್ಲಿಲ್ಲ.”

“ಬೆಳಿಗ್ಗೆ ಸರಿಯಾಗಿ ತಿಂದಿಲ್ಲ ನೀನು” ಎಂದರು ಗಾಯತ್ರಿ ಮೇಡಂ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಚೌಡಪ್ಪನವರು ನನ್ನನ್ನು ಹುಡುಕಿಕೊಂಡು ಬಂದರು. ಓಟ ನೋಡಲೆಂದೇ ಅವತ್ತು ಕೆಲಸಕ್ಕೆ ರಜೆ ಹಾಕಿದ್ದರು. ಹೇಳಲೋ ಬೇಡವೋ ಎಂದು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು.

“ಮೇಡಂ, ತಪ್ಪು ತಿಳ್ಕೋಬಾರ್ದು. ನಂಗೆ ಓದು ಬರಲ್ಲ. ನೀವು ಅಳತೆ ಮಾಡಿ ಮುಂದೆ ನಿಲ್ಸಿದ್ರಲ್ಲ, ಅದು ಎಷ್ಟು ತಿರುವಿಗೆ?”

“ಅಂದ್ರೆ?”

“ಅತ್ಲಾಗಿನ ಮೊದಲ್ನೇ ತಿರುವು ದಾಟೋ ಹೊತ್ತಿಗೇ ಹೊರಗಿನೋರಿಗೆ ನೀವು ಕೊಟ್ಟ ಜಾಗ ಮುಗ್ದುಹೋಗಿತ್ತು. ಬೇಕಾದ್ರೆ ಹೆಜ್ಜೆ ಹಾಕಿ ನೋಡಿ, ನಾ ನೋಡ್ದೆ. ಇತ್ಲಾಗಿನ ತಿರುವಿಗೆ ಅವ್ರಿಗೆ ಏನೂ ಇರ್ಲಿಲ್ಲ. ಆ ಜಡೆ ಹುಡುಗಿ ಪಾಪ, ಅಗಲಕ್ಕೆ ಸುತ್ತಿದ್ಲು.”

ಹುಲ್ಲು ಹೊಡೆಯುವವರು ನನಗೆ ಟ್ರ್ಯಾಕ್ ಹೇಳಿಕೊಡುತ್ತಾರಲ್ಲ ಎಂದು ಒಂದು ಗಳಿಗೆ ಸಿಟ್ಟು ಬಂದದ್ದು ನಿಜ. ಆದರೂ ಡೈರಿ ತೆಗೆದೆ. ಪಟ್ಟಿಯ ತಲೆಯ ಮೇಲೆ ನನ್ನದೇ ಅಕ್ಷರದಲ್ಲಿ ಬರೆದಿತ್ತು, ನಾನೂರು ಮೀಟರಿನ ಟ್ರ್ಯಾಕಿಗೆ ಎಂದು. ಆ ದೊಡ್ಡ ಟ್ರ್ಯಾಕಿನಲ್ಲಿ ಇನ್ನೂರು ಮೀಟರ್ ಎಂದರೆ ಅರ್ಧ ಸುತ್ತು, ಅದರಲ್ಲಿ ಬರುವುದು ಒಂದೇ ತಿರುವು. ನಮ್ಮದು ಚಿಕ್ಕದು. ಇಲ್ಲಿ ಇನ್ನೂರು ಮೀಟರಿಗೆ ಪೂರ್ತಿ ಸುತ್ತು ಬರಬೇಕು. ಎರಡು ತಿರುವು. ನಾನು ಒಂದು ತಿರುವಿನ ಅಳತೆ ಕೊಟ್ಟು ಎರಡು ತಿರುವು ಓಡಿಸಿದ್ದೆ. ಟೇಪು ತಂದು ಚೌಡಪ್ಪನವರ ಕೈಗೆ ಒಂದು ತುದಿ ಕೊಟ್ಟು ಅಳೆದೆ. ಆರನೇ ಲೇನಿನ ಹುಡುಗಿ ಸಹನಾಗಿಂತ ಹದಿನೆಂಟು ಮೀಟರಿಗೂ ಹೆಚ್ಚು ದೂರ ಓಡಿದ್ದಳು. ಅಷ್ಟು ಓಡಿಯೂ ಒಂದೇ ಹೆಜ್ಜೆ ಹಿಂದೆ ಬಿದ್ದಿದ್ದಳು.

ಬಾಲಕರ ಇನ್ನೂರು ಮೀಟರ್ ಊಟದ ನಂತರ ಇತ್ತು, ಅದನ್ನು ಸರಿಮಾಡಬಹುದಿತ್ತು. ಬಾಲಕಿಯರದ್ದು ಮುಗಿದು, ಮೈಕಿನಲ್ಲಿ ಹೆಸರೂ ಕೂಗಿ ಆಗಿತ್ತು. ಗೆದ್ದವಳು ನನ್ನದೇ ಶಾಲೆಯವಳು. ಅದೇ ನನ್ನನ್ನು ಹೆಚ್ಚು ಹಿಂಡಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎಂದಾದರೂ ಗೊತ್ತಾದರೆ, ಬೇಕೆಂದೇ ಮಾಡಿದಳು ಎಂದು ಹೇಳುವವರಿಗೂ ಕಡಿಮೆಯಿಲ್ಲ.

ಹೆಡ್‌ಮಾಸ್ಟರ ಕೋಣೆಗೆ ಹೋಗಿ ಹೇಳಿದೆ. ಅವರು ಊಟದ ಡಬ್ಬಿ ಮುಚ್ಚಿಟ್ಟು ಪೂರ್ತಿ ಕೇಳಿದರು.

“ಯಾರಾದ್ರೂ ತಕರಾರು ಕೊಟ್ಟಿದಾರಾ?”

“ಇಲ್ಲ ಸರ್.”

“ನಿಮ್ದು ಇನ್ನೂ ಪ್ರೊಬೇಷನ್. ಬಿಇಒ ಆಫೀಸಿಂದ ಕೇಳ್ತಾರೆ. ಬರವಣಿಗೆಯಲ್ಲಿ ಉತ್ತರ ಕೊಡಬೇಕಾಗ್ತದೆ. ನಮ್ಮ ಹುಡುಗಿಯ ಮನಸ್ಸೂ ಮುರೀತದೆ. ಇಷ್ಟೆಲ್ಲ ಯೋಚನೆ ಮಾಡಿದೀರಾ?”

“ಮಾಡ್ದೆ ಸರ್. ಆ ಹುಡುಗಿ ಹೊಟ್ಟೆಗೆ ತಿಂದಿಲ್ಲ, ಅದಕ್ಕೇ ಸೋತೆ ಅಂದ್ಕೊಂಡು ಮನೆಗೆ ಹೋಗ್ತಾಳೆ ಸರ್.”

ಅವರು ಕಿಟಕಿಯ ಆಚೆ ನೋಡಿದರು. “ಮೈಕು ಸ್ಟೇಜಿನ ಮೇಲಿದೆ. ನಾನೂ ಬರ್ತೀನಿ, ನಡೀರಿ” ಎಂದರು.

ಮೈಕಿನಲ್ಲಿ ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಗುರುತು ಹಾಕಿದ್ದು ನಾನು, ತಪ್ಪು ನನ್ನದು, ಬಾಲಕಿಯರ ಓಟ ನಾಳೆ ಬೆಳಿಗ್ಗೆ ಮತ್ತೆ ನಡೆಯುತ್ತದೆ, ಬಾಲಕರದ್ದೂ ನಾಳೆಯೇ, ಹೊಸದಾಗಿ ಚೀಟಿ ಎತ್ತುತ್ತೇವೆ, ಇಷ್ಟು ಹೇಳಿದೆ. ಹಿಂದಿನ ಸಾಲಲ್ಲಿ ಯಾರೋ ನಕ್ಕರು. ಸಹನಾ ಮುಖ ಮುಚ್ಚಿಕೊಂಡಳು. ಕೆಳಗೆ ಇಳಿಯುವಾಗ ಅವಳ ಅಮ್ಮ ಎದುರಿಗೇ ನಿಂತಿದ್ದರು.

“ನೀವು ಹೇಳದೇ ಇದ್ರೆ ಎಂತ ಆಗ್ತಿತ್ತು ಮೇಡಂ?” ಎಂದು ಕೇಳಿದರು. ದನಿ ಗಟ್ಟಿಯಾಗಿರಲಿಲ್ಲ, ಅದಕ್ಕೇ ಇನ್ನೂ ನೋವಾಯಿತು. ಅವರು ಮಗಳ ಕಡೆ ತಿರುಗಿ, “ಎಂತಕ್ಕೆ ಅಳ್ತೆ? ನಾಳೆ ಮತ್ತೆ ಓಡಿದ್ರೆ ಆತು” ಎಂದು ಹೇಳಿ ಕರೆದುಕೊಂಡು ಹೋದರು.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಆರೂ ಲೇನುಗಳ ಗುರುತನ್ನು ಮತ್ತೆ ಹಾಕಿದೆವು. ಟೇಪಿನ ಇನ್ನೊಂದು ತುದಿ ಹಿಡಿದದ್ದು ಚೌಡಪ್ಪನವರೇ. ಈ ಸಲ ಪಟ್ಟಿಯನ್ನು ನಂಬಲಿಲ್ಲ. ಒಂದೊಂದು ಲೇನಿನ ಉದ್ದಕ್ಕೂ ಟೇಪು ಹಿಡಿದು ಪೂರ್ತಿ ಇನ್ನೂರು ಮೀಟರ್ ಅಳೆದೆವು. ಮೂರನೇ ಲೇನ್ ಮುಗಿಯುವ ಹೊತ್ತಿಗೆ ಅವರು ತಾವಾಗಿಯೇ ಹೇಳತೊಡಗಿದರು.

“ಒಂದು ಹೆಣ್ಣು ಕುದ್ರೆ ಇತ್ತು ಮೇಡಂ. ಕೆಂಚು ಬಣ್ಣದ್ದು. ಗೇಟೊಳಗೆ ಹೋಗೋಕೆ ಎಲ್ಲಾ ಕುದ್ರೆ ಹಟ ಮಾಡ್ತಾವೆ, ಅದು ಮಾತ್ರ ನನ್ನ ಭುಜಕ್ಕೆ ಮೂತಿ ಇಟ್ಕೊಂಡು ತಾನಾಗೇ ಬರೋದು. ಒಂದು ಬೇಸಿಗೆ ಮೂರು ಓಟಕ್ಕೂ ಅದಕ್ಕೆ ಕೊನೇ ಗೇಟೇ ಬಂತು. ಊಟೀಲಿ ಹೊರಟ ತಕ್ಷಣ ತಿರುವು. ಮೂರೂ ಸಲ ಹಿಂದೆ ಬಿತ್ತು. ಕುದ್ರೆಯಲ್ಲಿ ದಮ್ಮಿಲ್ಲ ಅಂತ ಮಾರಿಬಿಟ್ರು. ಆಮೇಲೆ ಅಲ್ಲಿನ ಕೆರೆ ದಂಡೇಲಿ ಟೂರಿಸ್ಟ್ ಮಕ್ಳನ್ನ ಕೂರಿಸ್ಕೊಂಡು ಸುತ್ತು ಹಾಕೋದು ನೋಡ್ದೆ.”

“ನೀವು ಯಾರಿಗೂ ಹೇಳಲಿಲ್ವಾ, ಗೇಟಿಂದ ಹೀಗಾಯ್ತು ಅಂತ?”

“ಇಲ್ಲ ಮೇಡಂ. ಕುದ್ರೆ ನೂಕೋನ ಮಾತು ಯಾರ್ ಕೇಳ್ತಾರೆ ಅಂತ ಸುಮ್ನಿದ್ದೆ. ಕೇಳ್ತಿದ್ರೋ ಏನೋ.” ಟೇಪಿನ ತುದಿಯನ್ನು ಗೂಟಕ್ಕೆ ಸಿಕ್ಕಿಸಿ ಎದ್ದರು. “ಇವತ್ತು ನಿಮ್ಮತ್ರ ಬರೋಕೂ ಊಟದ ಹೊತ್ತಿನವರೆಗೂ ಧೈರ್ಯ ಸಾಲ್ಲಿಲ್ಲ.”

ಮರುದಿನ ಬೆಳಿಗ್ಗೆ ಮಳೆ ಇರಲಿಲ್ಲ. ನಾಗವೇಣಿಗೆ ಮೂರನೇ ಲೇನ್, ಸಹನಾಗೆ ನಾಲ್ಕು. ಓಟದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ನಾಗವೇಣಿ ಮೊದಲ ತಿರುವಿನಲ್ಲೇ ಸಹನಾಳನ್ನು ಹಿಂದೆ ಹಾಕಿದಳು, ಕೊನೆಯ ತನಕ ಯಾರೂ ಅವಳ ಹತ್ತಿರ ಬರಲಿಲ್ಲ. ಸಹನಾ ಎರಡನೆಯವಳಾದಳು. ನಾನು ನೀರಿನ ಬಾಟಲಿ ಹಿಡಿದು ಹೋದಾಗ ಅವಳು ತೆಗೆದುಕೊಳ್ಳಲಿಲ್ಲ.

“ಮೇಡಂ, ನಿನ್ನೆ ನಾನು ಕಡಿಮೆ ದೂರ ಓಡಿದ್ನಾ?”

“ಇಲ್ಲ ಸಹನಾ. ನೀನು ಸರಿಯಾಗಿ ಇನ್ನೂರು ಮೀಟರೇ ಓಡಿದ್ದೆ. ಅವಳನ್ನು ನಾನು ಜಾಸ್ತಿ ದೂರ ಓಡಿಸಿದ್ದೆ.”

ಅವಳು ಆಮೇಲೆ ಬಾಟಲಿ ತೆಗೆದುಕೊಂಡಳು. ಕುಡಿದು ಅರ್ಧ ಉಳಿಸಿ, ನಾಗವೇಣಿ ನಿಂತಲ್ಲಿಗೆ ಹೋಗಿ ಕೊಟ್ಟಳು. ಇಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಗಾಯತ್ರಿ ಮೇಡಂ ನನ್ನ ಕೈ ಹಿಡಿದುಕೊಂಡು, “ನಾನು ಅವಳಿಗೆ ಬೈದುಬಿಟ್ಟಿದ್ದೆ ನೋಡಿ” ಎಂದು ಕಣ್ಣು ಒರೆಸಿಕೊಂಡರು.

ಆಫೀಸಿನಿಂದ ಕಾರಣ ಕೇಳಿ ಪತ್ರ ಬಂದದ್ದು ನಿಜ. ಹೆಡ್‌ಮಾಸ್ಟರು ನನ್ನ ಉತ್ತರದ ಕೆಳಗೆ ತಮ್ಮ ಕೈಯಲ್ಲೇ ನಾಲ್ಕು ಸಾಲು ಬರೆದು ಕಳಿಸಿದರು. ಏನು ಬರೆದರೆಂದು ನನಗೆ ತೋರಿಸಲಿಲ್ಲ. ಆ ವಿಷಯ ಅಲ್ಲಿಗೇ ನಿಂತಿತು. ಸಹನಾ ಒಂದು ವಾರ ಪ್ರಾಕ್ಟೀಸಿಗೆ ಬರಲಿಲ್ಲ. ಎಂಟನೇ ದಿನ ಅವಳ ಅಮ್ಮ ಸ್ಕೂಟಿ ನಿಲ್ಲಿಸಿ, “ನಾನೂರು ಮೀಟರ್ ಕಲಿಸ್ಬೇಕಂತೆ ಮೇಡಂ, ಮನೇಲಿ ಒಂದೇ ಹಟ” ಎಂದು ಬಿಟ್ಟುಹೋದರು. ಎಂದಿನ ಹಾಗೆ ರೇನ್‌ಕೋಟಿನ ಟೋಪಿಯೊಳಗಿಂದಲೇ ಹೇಳಿದರೂ ಆ ದಿನ ಸ್ವಲ್ಪ ನಕ್ಕಂತೆ ಕಂಡಿತು.

ತಾಲ್ಲೂಕು ಕೂಟಕ್ಕೆ ನಮ್ಮ ಶಾಲೆಯಿಂದ ಖೋಖೋ ತಂಡ ಆಯ್ಕೆಯಾಗಿತ್ತು. ಸಹನಾ ಅದರಲ್ಲಿದ್ದಳು. ಎಲ್ಲರೂ ಒಂದು ಟೆಂಪೋದಲ್ಲಿ ತೀರ್ಥಹಳ್ಳಿಗೆ ಹೊರಟೆವು. ಚೌಡಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಡ್ರೈವರ್ ಪಕ್ಕ ಕೂತಿದ್ದರು. ಯಾರೂ ಕರೆದಿರಲಿಲ್ಲ, ಬರಬೇಡಿ ಅಂತಲೂ ಯಾರೂ ಹೇಳಲಿಲ್ಲ.

ಅಲ್ಲಿಯದು ದೊಡ್ಡ ಮೈದಾನ, ಅಗಲವಾದ ತಿರುವು. ಬಾಲಕಿಯರ ಇನ್ನೂರು ಮೀಟರಿನ ಕರೆ ಬಂದಾಗ ಸಹನಾ ಮತ್ತು ಖೋಖೋ ಹುಡುಗಿಯರು ಟ್ರ್ಯಾಕಿನ ಸುತ್ತ ಕಟ್ಟಿದ್ದ ಹಗ್ಗದ ಪಕ್ಕ ಸಾಲಾಗಿ ನಿಂತರು. ನಾಗವೇಣಿಗೆ ಐದನೇ ಲೇನ್. ಸ್ಟಾರ್ಟಿನ ಹತ್ತಿರ ಹೋಗಿ ನೋಡೋಣ ಬನ್ನಿ ಎಂದು ನಾನು ಚೌಡಪ್ಪನವರನ್ನು ಕರೆದೆ.

“ಬೇಡ ಮೇಡಂ” ಎಂದರು. “ಮುಗಿಯೋ ಕಡೆ ನಿಲ್ತೀನಿ, ನಡೀತದಾ?”

“ನಡೀತದೆ. ಯಾಕೆ?”

“ಹದಿನಾರು ವರ್ಷದಲ್ಲಿ ಒಂದು ಓಟನೂ ಮುಗಿಯೋದು ನೋಡ್ಲಿಲ್ಲ ಮೇಡಂ. ಗೇಟ್ ತೆಗೆದ್ರೆ ಕುದ್ರೆ ಬೆನ್ನು ಕಾಣೋದು, ಆಮೇಲೆ ಧೂಳು. ಯಾವ್ದು ಗೆದ್ದಿತು ಅಂತ ಮೈಕಲ್ಲಿ ಹೇಳಿದ್ಮೇಲೇ ನಮಗೆ ಗೊತ್ತಾಗೋದು.”

ಅಂಪೈರ್ ಒಬ್ಬರಿಗೆ ಹೇಳಿ ಅವರನ್ನು ಕೊನೆಯ ಗೆರೆಯ ಪಕ್ಕದಲ್ಲೇ ನಿಲ್ಲಿಸಿದೆ. ಕ್ಲ್ಯಾಪರ್ ಸದ್ದು ದೂರದಿಂದ ಕೇಳಿತು. ತಿರುವು ಮುಗಿದು ಎಂಟು ಹುಡುಗಿಯರು ನಮ್ಮ ಎದುರಿಗೇ ಬಂದರು. ಸಹನಾ ಹಗ್ಗದ ಆಚೆ ಓಡುತ್ತಾ “ನಾಗೂ, ಕೈ ಬೀಸು, ಕೈ ಬೀಸು” ಎಂದು ಕೂಗುತ್ತಿದ್ದಳು. ನಾಗವೇಣಿ ಹಲ್ಲು ಕಚ್ಚಿಕೊಂಡಿದ್ದಳು, ಕಣ್ಣುಗಳು ಅಗಲವಾಗಿದ್ದವು. ತೀರ್ಥಹಳ್ಳಿಯದೇ ಒಬ್ಬಳು ಅವಳಿಗಿಂತ ಮೊದಲು ಗೆರೆ ದಾಟಿದಳು. ನಾಗವೇಣಿ ಎರಡನೆಯವಳು. ಇಲ್ಲಿಂದ ಇಬ್ಬರನ್ನು ಜಿಲ್ಲೆಗೆ ಕಳಿಸುತ್ತಿದ್ದರು.

ಸಹನಾ ಹೋಗಿ ಅವಳನ್ನು ಎತ್ತಿಕೊಂಡಳು. ನಾನು ಚೌಡಪ್ಪನವರ ಕಡೆ ನೋಡಿದೆ. ಅವರು ಕದಲದೆ ನಿಂತಿದ್ದರು.

“ಹೇಗಿತ್ತು?” ಎಂದು ಕೇಳಿದೆ.

“ಮುಖ ಕಾಣ್ತದೆ ಮೇಡಂ” ಎಂದರು. “ಇಲ್ಲಿಂದ ನೋಡಿದ್ರೆ ಎಲ್ಲರ ಮುಖ ಕಾಣ್ತದೆ.”

ಖೋಖೋ ಪಂದ್ಯ ಶುರುವಾಗುವುದಿತ್ತು, ನಾನು ಹುಡುಗಿಯರನ್ನು ಕರೆದುಕೊಂಡು ಹೊರಟೆ. ಅವರು ಬರಲಿಲ್ಲ. ಪಕ್ಕದ ಅಂಪೈರನ್ನು, ಇನ್ನು ಎಷ್ಟು ಓಟ ಬಾಕಿ ಇದೆ ಎಂದು ಕೇಳುತ್ತಿದ್ದರು.